ದಿನಕ್ಕೆ ಒಂದಡಿ ಸರಿದ ಜೇನುಪೆಟ್ಟಿಗೆ

ನಮ್ಮ ಬಿಕರ್ನಕಟ್ಟೆಯ ಓಣಿಯಲ್ಲಿ ಆಗ್ನೆಸ್ ಬಾಯಿಗೆ ಹೆದರದ ಮನೆ ಒಂದೂ ಇರಲಿಲ್ಲ. ಬಾಯಿ ಎಂದರೆ ಕ್ರಿಶ್ಚಿಯನ್ ಹೆಂಗಸರನ್ನು ನಾವು ಗೌರವದಿಂದ ಕರೆಯುವ ಮಾತು. ಮೂವತ್ತೊಂದು ವರ್ಷ ಅವರದ್ದು ಮಲೇರಿಯಾ ಕೆಲಸ. ಮನೆ ಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವುದು, ಹಿತ್ತಿಲಿಗೆ ಹೋಗಿ ಟಾರ್ಚು ಹಾಕಿ ನಿಂತ ನೀರು ಹುಡುಕುವುದು. ಹೂಕುಂಡದ ಅಡಿಯ ತಟ್ಟೆ, ನಾಯಿಗೆ ನೀರಿಡುವ ಮಡಕೆ, ಮುಚ್ಚಳ ಸರಿ ಕೂರದ ಟ್ಯಾಂಕಿ, ಯಾವುದನ್ನೂ ಬಿಟ್ಟವರಲ್ಲ. ಸೊಳ್ಳೆಮರಿ ಕಂಡರೆ ಮನೆಯವರನ್ನು ಕರೆದು ತೋರಿಸಿ, ಅವರ ಎದುರೇ ಮಗುಚಿ ಹಾಕುತ್ತಿದ್ದರು. "ವಾರಕ್ಕೊಮ್ಮೆ ನೀರು ಬದಲಾಯಿಸ್ತೇವೆ ಬಾಯಿ" ಎಂದು ಯಾರಾದರೂ ಹೇಳಿದರೆ, "ಎಲ್ಲರೂ ಹಾಗೇ ಹೇಳುವುದು" ಎನ್ನುತ್ತಿದ್ದರು. ಅಷ್ಟೇ. ಸ್ವರ ಏರಿಸುತ್ತಿರಲಿಲ್ಲ. ಏರಿಸಿದ್ದರೆ ನಾವೂ ತಿರುಗಿ ಎರಡು ಮಾತು ಹೇಳಿ ಹಗುರಾಗಬಹುದಿತ್ತು.

ನಾನು ಜಯ, ಪಕ್ಕದ ಮನೆಯವಳು, ಬ್ಲೌಸ್ ಹೊಲಿಯುವವಳು. ನನ್ನ ಸ್ವರ ಬಸ್‌ಸ್ಟಾಪಿನವರೆಗೆ ಕೇಳುತ್ತದೆ ಎಂದು ಓಣಿಯವರು ಹೇಳುತ್ತಾರೆ. ಹೇಳಲಿ. ನನ್ನ ಹೊಲಿಗೆ ಮೆಶಿನ್ ಇರುವುದು ಕಿಟಕಿಯ ಹತ್ತಿರ, ಆ ಕಿಟಕಿ ತೆರೆಯುವುದು ಆಗ್ನೆಸ್ ಬಾಯಿಯ ಹಿತ್ತಿಲಿಗೆ. ನಡುವೆ ಎದೆಮಟ್ಟದ ಕಂಪೌಂಡು ಗೋಡೆ. ಹತ್ತೊಂಬತ್ತು ವರ್ಷದಿಂದ ಆ ಗೋಡೆಯ ಮೇಲಿಂದ ನಮ್ಮ ಚೌತಿಯ ಕಡುಬು ಆಚೆ ಹೋಗಿದೆ, ಅವರ ಹಬ್ಬದ ಸಾನ್ನ, ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಈಚೆ ಬಂದಿದೆ. ಅವರು ಮದುವೆಯಾದವರಲ್ಲ. ಸ್ವಂತ ಸಂಬಳದಲ್ಲಿ ಕಟ್ಟಿಸಿದ ಎರಡು ಕೋಣೆಯ ಮನೆ, ಹಿಂದೆ ಶೀಟಿನ ಜಗಲಿ, ಒಂದು ಬಿಂಬುಳಿ ಮರ, ನಾವಿಬ್ಬರೂ ನೀರು ಸೇದುವ ಒಂದು ಬಾವಿ, ಇಷ್ಟು ಅವರ ಆಸ್ತಿ. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಇಂಥವರು ರಿಟೈರಾದ ಮೇಲೆ ಜೇನು ಸಾಕಿದರು ಎಂದರೆ ನನಗೆ ಮೊದಲು ನಗು ಬಂದದ್ದು ಸುಳ್ಳಲ್ಲ. ಅವರು ಹುಡುಕಿಕೊಂಡು ಹೋಗಿರಲಿಲ್ಲ. ಮೂರು ವರ್ಷದ ಹಿಂದೆ ಅವರ ಕರೆಂಟಿನ ಮೀಟರು ಪೆಟ್ಟಿಗೆಯೊಳಗೆ ಒಂದು ಹಿಂಡು ತುಡುವೆ ಜೇನು ತಾನಾಗಿ ಬಂದು ಕೂತಿತು. ನಾನು ಗೋಡೆಯ ಈಚೆಯಿಂದ ಬೊಬ್ಬೆ ಹೊಡೆದೆ, "ಸ್ಪ್ರೇ ಹೊಡೀರಿ ಬಾಯಿ! ನಿಮ್ಮ ಹತ್ತಿರ ಇಲ್ಲದ ಮದ್ದಾ?"

ಅವರು ಸೊಂಟಕ್ಕೆ ಕೈಕೊಟ್ಟು ಅದನ್ನೇ ನೋಡುತ್ತ ನಿಂತಿದ್ದರು. "ಮೂವತ್ತೊಂದು ವರ್ಷ ಹುಳ ಕೊಂದದ್ದೇ ಆಯಿತು, ಜಯ. ಇದೊಂದು ತಾನಾಗಿ ಮನೆಗೆ ಬಂದಿದೆ. ಸಾಕಿ ನೋಡ್ತೇನೆ" ಎಂದರು.

ಉರ್ವದಿಂದ ಚಿತ್ತರಂಜನ ಎಂಬ ಜೇನು ಸಾಕುವವರೊಬ್ಬರು ಬಂದು ರಾಣಿಯನ್ನು ಹಿಡಿದು, ಹಿಂಡನ್ನೆಲ್ಲ ಮರದ ಪೆಟ್ಟಿಗೆಗೆ ಇಳಿಸಿ ಕೊಟ್ಟರು. ಬಿಂಬುಳಿ ಮರದ ಬುಡದಲ್ಲಿ ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಪೆಟ್ಟಿಗೆ. ಹೊರಡುವಾಗ ಅವರು ಹೇಳಿದ್ದು ಒಂದೇ ಮಾತು. "ಬೇರೆ ಎಂತ ಬಂದರೂ ಇವು ತಡೀತಾವೆ ಬಾಯಿ. ಇರುವೆ ಬಂದರೆ ಮಾತ್ರ ಕಷ್ಟ. ಒಂದು ಇರುವೆ ದಾರಿ ಕಂಡರೆ ಸಾಲೇ ಬರ್ತದೆ, ತುಪ್ಪ, ಮರಿ ಎಲ್ಲ ತಿಂತದೆ. ತುಡುವೆ ಜೇನು ಅಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ. ಮನೆ ಬಿಟ್ಟೇ ಹೋಗ್ತದೆ."

ಅದಕ್ಕೆ ಉಪಾಯ ಎಲ್ಲರೂ ಮಾಡುವುದೇ. ಸ್ಟ್ಯಾಂಡಿನ ನಾಲ್ಕು ಕಾಲಿಗೆ ನಾಲ್ಕು ಬಟ್ಟಲು, ಬಟ್ಟಲಲ್ಲಿ ನೀರು. ಇರುವೆಗೆ ಈಜು ಬರುವುದಿಲ್ಲವಲ್ಲ. ಕೆಲವರು ನೀರಿನ ಬದಲು ಗ್ಯಾರೇಜಿನ ಸುಟ್ಟ ಆಯಿಲ್ ಹಾಕುತ್ತಾರಂತೆ. ಆದರೆ ಇಲ್ಲಿ ಮಳೆಗೆ ಬಟ್ಟಲು ತುಂಬಿ ಚೆಲ್ಲಿದರೆ ಆಯಿಲ್ ಹೋಗುವುದು ನೇರ ಬಾವಿಗೆ. ಹಾಗಾಗಿ ನೀರೇ. ಪ್ರತಿ ಶನಿವಾರ ಬೆಳಿಗ್ಗೆ ಆಗ್ನೆಸ್ ಬಾಯಿ ಆ ನಾಲ್ಕು ಬಟ್ಟಲನ್ನು ಮಗುಚಿ, ತಿಕ್ಕಿ ತೊಳೆದು, ಹೊಸ ನೀರು ತುಂಬುತ್ತಿದ್ದರು. ಸೊಳ್ಳೆಮರಿಗೆ ರೆಕ್ಕೆ ಬರಲಿಕ್ಕೆ ಎಷ್ಟು ದಿನ ಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಳೆದ ವರ್ಷ ಜುಲೈಯಲ್ಲಿ ನನಗೆ ಜ್ವರ ಬಂತು. ಸಾಧಾರಣ ಜ್ವರ ಅಲ್ಲ; ಮಧ್ಯಾಹ್ನ ಆಗುವಾಗ ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ, ಸಂಜೆಗೆ ಬೆವರು. ಗೋಡೆಯ ಆಚೆಯಿಂದ ನನ್ನ ಮುಖ ನೋಡಿಯೇ ಆಗ್ನೆಸ್ ಬಾಯಿ ಹೇಳಿದರು, "ಜಯ, ಇದು ಮಲೇರಿಯಾ. ಇವತ್ತೇ ರಕ್ತ ಕೊಡು." ಕೊಟ್ಟೆ. ಹೌದು. ಹದಿನಾಲ್ಕು ದಿನ ಮಾತ್ರೆ.

ಮಲೇರಿಯಾ ಬಂದ ಮನೆಯ ಸುತ್ತಮುತ್ತ ನೀರು ತಪಾಸಣೆಗೆ ಮರುದಿನವೇ ಪ್ರಣೀತಾ ಬಂದಳು. ಆಗ್ನೆಸ್ ಬಾಯಿಯ ಕೈಕೆಳಗೆ ಕೆಲಸ ಕಲಿತ ಹುಡುಗಿ. ಮೊದಲು ನಮ್ಮ ಅಂಗಳ, ಹಿತ್ತಿಲು ನೋಡಿದಳು. "ಮೇಲೆ ಟೆರೇಸಿನಲ್ಲಿ ಎಂತಾದರೂ ಉಂಟಾ ಅಕ್ಕ?" ಎಂದು ಕೇಳಿದಳು. ನಾನು ಮಲಗಿದಲ್ಲಿಂದಲೇ, "ಎಂತ ಉಂಟು ಮಾರಾಯ್ತಿ ಮೇಲೆ? ಬಟ್ಟೆ ಒಣಗಿಸುವ ಹಗ್ಗ" ಎಂದೆ. ಅವಳು "ಆಚೆ ಒಮ್ಮೆ ನೋಡಿ ಬಂದು ಮೇಲೆ ಹತ್ತುತ್ತೇನೆ" ಎಂದು ಗೇಟು ದಾಟಿದಳು.

ಆಚೆಯದ್ದೆಲ್ಲ ನನಗೆ ಕಿಟಕಿಯಲ್ಲಿ ಕಂಡದ್ದು, ಕೇಳಿದ್ದು. ಪ್ರಣೀತಾ ಅಂಗಳದಲ್ಲೇ ನಿಂತು ಪುಸ್ತಕದಲ್ಲಿ ಗೀಚಿ, "ನಿಮ್ಮ ಮನೆಯಲ್ಲಿ ಎಂತ ನೋಡಲಿಕ್ಕೆ ಉಂಟು ಮೇಡಂ" ಎಂದು ನಗುತ್ತ ಹೊರಟಿದ್ದಳು. ಆಗ್ನೆಸ್ ಬಾಯಿ ಅವಳನ್ನು ತಡೆದರು.

"ಹಿತ್ತಿಲು ನೋಡಿದ್ಯಾ?"

"ನಿಮ್ಮ ಹಿತ್ತಿಲಾ ಮೇಡಂ?"

"ನನ್ನದು ಅಂದರೆ ಎಂತ, ಅದಕ್ಕೆ ಸೊಳ್ಳೆ ಬರುವುದಿಲ್ಲವಾ? ಬಾ."

ಅವರೇ ಟಾರ್ಚು ತಂದರು. ಅವರೇ ಮೊಣಕಾಲೂರಿ ಕೂತು, ಒಂದೊಂದೇ ಬಟ್ಟಲಿಗೆ ಬೆಳಕು ಹಾಕಿದರು. ಮೂರನೆಯ ಬಟ್ಟಲಲ್ಲಿ ಬೆಳಕು ನಿಂತಿತು. "ಜೆಜು ಮರಿ!" ಎಂದು ಅವರು ಯೇಸು, ಮೇರಿಯನ್ನು ಕರೆದದ್ದು ನನಗೆ ಕೇಳಿಸಿತು. ಪ್ರಣೀತಾ ಬಗ್ಗಿ ನೋಡಿ, "ಸೊಳ್ಳೆಮರಿ" ಎಂದು ಹಿಂದೆ ಸರಿದಳು.

"ಎರಡು ಶನಿವಾರ ತಪ್ಪಿತು" ಎಂದರು ಆಗ್ನೆಸ್ ಬಾಯಿ. "ಅಷ್ಟು ಜೋರು ಮಳೆ. ಮಳೆಯೇ ತುಂಬಿ ಚೆಲ್ಲಿ ತೊಳೀತದೆ ಅಂತ ಅಂದುಕೊಂಡೆ. ಜನ ನನ್ನ ಹತ್ತಿರ ಇದೇ ಮಾತು ಹೇಳ್ತಾ ಇದ್ದರು, ಪ್ರಣೀತಾ. ಒಬ್ಬರದ್ದನ್ನೂ ನಾನು ನಂಬಿದವಳಲ್ಲ. ನೋಟೀಸು ಬರಿ, ನನ್ನ ಹೆಸರಿಗೆ ಬರಿ."

"ಬೇಡ ಮೇಡಂ, ಮಗುಚಿ ಹಾಕಿದರೆ ಆಯಿತಲ್ಲ..."

"ಬರಿ ಅಂದೆ."

ನಾನು ಆಗ ಎದ್ದು ಹೋದೆ. ಕಂಬಳಿ ಹೊದ್ದುಕೊಂಡೇ ಗೋಡೆಯ ಹತ್ತಿರ ನಿಂತು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಊರಿನವರ ಹೂಕುಂಡ ಮಗುಚಿದ್ದು ಸಾಕಾಗಲಿಲ್ಲವಾ, ಈಗ ನನ್ನನ್ನೇ ಮಗುಚಿ ಮಲಗಿಸಿದಿರಾ; ನಿಮ್ಮ ಜೇನಿಗೆ ಇರುವೆ ಕಚ್ಚಬಾರದು, ನನಗೆ ಸೊಳ್ಳೆ ಕಚ್ಚಿದರೆ ಅಡ್ಡಿ ಇಲ್ಲವಾ; ಇನ್ನು ಅಲ್ಲಿ ಒಂದು ಹನಿ ನೀರು ಕಂಡರೆ ನೋಡಿ ಮತ್ತೆ, ಅಂತೆಲ್ಲ. ಪೂರ್ತಿ ಓಣಿ ಕೇಳಿತು.

ಆಗ್ನೆಸ್ ಬಾಯಿ ಎದ್ದು ಗೋಡೆಯ ಹತ್ತಿರ ಬಂದರು. "ಇಲ್ಲ ಜಯ. ಇನ್ನು ಒಂದು ಹನಿ ಇಡುವುದಿಲ್ಲ. ನಿನಗೆ ಮಾತು ಕೊಟ್ಟೆ" ಎಂದರು. ನಾಲ್ಕೂ ಬಟ್ಟಲನ್ನು ಮಗುಚಿ, ಒರೆಸಿ, ಒಳಗೆ ಕೊಂಡುಹೋದರು. ಮಲೇರಿಯಾ ಎಲ್ಲಿಂದ ಬಂತೆಂದು ಗೊತ್ತಾಯಿತಲ್ಲ ಎಂದು ಪ್ರಣೀತಾ ನಮ್ಮ ಟೆರೇಸು ಹತ್ತದೆಯೇ ಹೋದಳು.

ಐದನೆಯ ದಿನ ಜ್ವರ ಇಳಿದು, ಒಣಗಿಸಿದ್ದ ಬಟ್ಟೆ ತರಲಿಕ್ಕೆ ನಾನು ಟೆರೇಸಿಗೆ ಹೋದೆ. ಶೀಟಿನ ಅಡಿಯಲ್ಲಿ, ಮೂಲೆಯಲ್ಲಿ, ನೀಲಿ ಡ್ರಮ್ಮು ಕಂಡಿತು. ಮೇ ತಿಂಗಳಲ್ಲಿ ನಳ್ಳಿನೀರು ದಿನ ಬಿಟ್ಟು ದಿನ ಬರುವಾಗ ನಾನೇ ತುಂಬಿಸಿಟ್ಟದ್ದು. ಮಳೆ ಹಿಡಿದ ಮೇಲೆ ಮರೆತೇಬಿಟ್ಟಿದ್ದೆ. ಮುಚ್ಚಳ ಅರ್ಧ ಸರಿದಿತ್ತು. ಬಗ್ಗಿ ನೋಡಿದೆ.

ಸೊಳ್ಳೆಮರಿ ಒಂದೆರಡಲ್ಲ. ಡ್ರಮ್ಮಿನ ನೀರು ಪೂರ್ತಿ ಕುಣಿಯುತ್ತಿತ್ತು.

ನಾನು ಎಂತ ಮಾಡಿದೆ ಎಂದು ಹೇಳುತ್ತೇನೆ, ಮುಚ್ಚುಮರೆ ಬೇಡ. ಮೊದಲು ಸುತ್ತ ನೋಡಿದೆ, ಯಾರಾದರೂ ನೋಡುತ್ತಾರಾ ಎಂದು. ಆಮೇಲೆ ಡ್ರಮ್ಮನ್ನು ಮಗುಚಿ ಹಾಕಿ, ಬ್ಲೀಚಿಂಗ್ ಪೌಡರು ಹಾಕಿ ತಿಕ್ಕಿ, ಬೋರಲಾಗಿ ಇಟ್ಟು, ಬಟ್ಟೆ ಹಿಡಿದುಕೊಂಡು ಕೆಳಗೆ ಬಂದೆ. ಯಾರಿಗೂ ಹೇಳಲಿಲ್ಲ. ಅಷ್ಟು ಬೊಬ್ಬೆ ಹೊಡೆದ ಬಾಯಿಯಿಂದ ಇನ್ನು ಇದನ್ನು ಹೇಗೆ ಹೇಳುವುದು? ನಾಳೆ ಹೇಳುವ ಎಂದುಕೊಂಡೆ.

ಆಚೆ ಹಿತ್ತಿಲಲ್ಲಿ ಇರುವೆಗಳಿಗೆ ದಾರಿ ಸಿಕ್ಕಾಗಿತ್ತು.

ಮಳೆಗಾಲದಲ್ಲಿ ಜೇನಿಗೆ ಹೂವಿಲ್ಲ. ಸಕ್ಕರೆ ನೀರು ಕಾಸಿ ತೆಂಗಿನ ಗೆರಟೆಯಲ್ಲಿ ಪೆಟ್ಟಿಗೆಯೊಳಗೆ ಇಡಬೇಕು. ಆ ವಾಸನೆಗೆ ಇರುವೆ ಎಲ್ಲಿದ್ದರೂ ಬರುತ್ತದೆ. ಆಗ್ನೆಸ್ ಬಾಯಿ ಸ್ಟ್ಯಾಂಡಿನ ಕಾಲಿಗೆ ಗ್ರೀಸು ಬಳಿದರು. ಮೊದಲ ದಿನ ಇರುವೆ ಹಿಂದೆ ಹೋಯಿತು. ಮರುದಿನ ಮಳೆಗೆ ಸಿಡಿದ ಮಣ್ಣು, ಬಿಂಬುಳಿಯ ಎಲೆ, ಸತ್ತ ಇರುವೆ ಎಲ್ಲ ಗ್ರೀಸಿಗೆ ಅಂಟಿ, ಉಳಿದ ಇರುವೆಗಳು ಅದರ ಮೇಲೆಯೇ ನಡೆದು ಮೇಲೆ ಹತ್ತಿದವು. ಅವರು ಒರೆಸಿ ಮತ್ತೆ ಬಳಿದರು. ಬುಡಕ್ಕೆ ಒಲೆಯ ಬೂದಿ ಹಾಕಿದರು. ಒಂದು ಮಳೆಗೆ ಬೂದಿ ಹೋಯಿತು. ಮತ್ತೆ ಹಾಕಿದರು.

ಸರಿಯಾದ ದಾರಿ ಒಂದೇ ಇತ್ತು. ಪೆಟ್ಟಿಗೆ ಶೀಟಿನ ಜಗಲಿಗೆ ಬಂದರೆ ಮಳೆ ತಾಗುವುದಿಲ್ಲ; ಅಲ್ಲಿ ಬಟ್ಟಲಿಗೆ ನೀರಿನ ಬದಲು ಆಯಿಲ್ ಹಾಕಬಹುದು, ಸೊಳ್ಳೆಯೂ ಇಲ್ಲ, ಇರುವೆಯೂ ಇಲ್ಲ, ಬಾವಿಗೂ ಭಯವಿಲ್ಲ. ಆದರೆ ಜೇನುಪೆಟ್ಟಿಗೆಯನ್ನು ಒಮ್ಮೆಲೇ ಎತ್ತಿ ಇಡಲಿಕ್ಕಿಲ್ಲ. ಹೊರಗೆ ಹೋದ ಜೇನುನೊಣ ಹಳೆಯ ಜಾಗಕ್ಕೇ ಬಂದು, ಮನೆ ಕಾಣದೆ ಅಲ್ಲೇ ಸುತ್ತಿ ಸಾಯುತ್ತದಂತೆ. ದಿನಕ್ಕೆ ಒಂದಡಿ ಸರಿಸಬೇಕು. ಬಿಂಬುಳಿ ಮರದಿಂದ ಜಗಲಿಗೆ ಹದಿಮೂರು ಅಡಿ, ಅಂದರೆ ಹದಿಮೂರು ದಿನ.

ಅವರು ಪ್ರತಿದಿನ ಸಂಜೆ, ನೊಣಗಳೆಲ್ಲ ಒಳಗೆ ಬಂದ ಮೇಲೆ, ಸ್ಟ್ಯಾಂಡು ಸರಿಸಲು ಬರುತ್ತಿದ್ದರು. ಅದನ್ನು ಅಲುಗದ ಹಾಗೆ ಎತ್ತಿ ಇಡಲಿಕ್ಕೆ ಇಬ್ಬರು ಬೇಕು, ಆಚೆ ಒಬ್ಬರು, ಈಚೆ ಒಬ್ಬರು. ಅವರಿಗೆ ಅರವತ್ನಾಲ್ಕು ವರ್ಷ, ಬಲಮೊಣಕಾಲು ನೋವು. ಒಬ್ಬರೇ ಎರಡು ಕಾಲು ಎತ್ತಿ ಸರಿಸಿ, ಸುತ್ತಿ ಬಂದು ಇನ್ನೆರಡು ಕಾಲು ಸರಿಸುತ್ತಿದ್ದರು. ಪ್ರತಿ ಸಲ ಪೆಟ್ಟಿಗೆ ವಾಲಿ ದಡಕ್ಕೆಂದು ಕೂರುತ್ತಿತ್ತು. ಇರುವೆಯ ಕಾಟದ ಮೇಲೆ ದಿನಾ ಹೀಗೆ ಕುಲುಕಿದರೂ ಜೇನು ಮನೆ ಬಿಡುತ್ತದಂತೆ. ಒಳಗಿನಿಂದ ಗುಂಯ್ ಎಂದು ಏಳುವ ಸದ್ದು ನನ್ನ ಮೆಶಿನ್ನಿನವರೆಗೆ ಕೇಳುತ್ತಿತ್ತು. ಅವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಅದು ಸುಮ್ಮನಾಗುವವರೆಗೆ ನಿಲ್ಲುತ್ತಿದ್ದರು.

ನಾನು ನೋಡುತ್ತಿದ್ದೆ. ಗೋಡೆಯ ಪಕ್ಕದ ಸಣ್ಣ ಗೇಟು ದಾಟಿದರೆ ಹತ್ತು ಹೆಜ್ಜೆ. ಓಣಿಯವರೆಲ್ಲ ನನಗೆ ಇನ್ನೂ ಸಿಟ್ಟು ಎಂದುಕೊಂಡಿದ್ದರು, ಆಗ್ನೆಸ್ ಬಾಯಿಯೂ. ಸಿಟ್ಟು ಎಲ್ಲಿತ್ತು? ಡ್ರಮ್ಮು ನೋಡಿದ ದಿನವೇ ಹೋಗಿತ್ತು. ಅವರ ಮುಖ ನೋಡಲಿಕ್ಕೆ ನಾಚಿಕೆ. ಸಿಟ್ಟಿನವರ ಹಾಗೆ ಮುಖ ಊದಿಸಿಕೊಂಡು ಕೂತರೆ ಯಾರೂ ಏನೂ ಕೇಳುವುದಿಲ್ಲ, ಅದು ನನಗೆ ಅನುಕೂಲವೇ ಆಯಿತು. ಒಂದು ಮಾತು ಹೇಳಿದ್ದರೆ ಅವರಿಗೆ ಮನಸ್ಸಿನ ಭಾರ ಇಳಿಯುತ್ತಿತ್ತು. "ಜಗಲಿ ಸೇರುವವರೆಗೆ ನೀರಿಡಿ ಬಾಯಿ, ದಿನಾ ಚೆಲ್ಲಿದರೆ ಆಯಿತು" ಎಂದು ನಾನು ಹೇಳಿದ್ದರೆ, ಕೊಟ್ಟ ಮಾತಿನಿಂದ ಅವರು ಬಿಡುಗಡೆ. ನನ್ನ ಹೊರತು ಬೇರೆ ಯಾರೂ ಅದನ್ನು ಹೇಳುವ ಹಾಗಿರಲಿಲ್ಲ.

ಅವರಾದರೂ ಸುಮ್ಮನಿದ್ದರಾ? ದಿನಾ ಊಟದ ಹೊತ್ತಿಗೆ ಗೋಡೆಯ ಆಚೆಯಿಂದ ಸ್ವರ ಬರುತ್ತಿತ್ತು, "ಜಯ, ಮಾತ್ರೆ ತಗೊಂಡ್ಯಾ? ಜ್ವರ ಬಿಟ್ಟಿತು ಅಂತ ನಿಲ್ಲಿಸಬೇಡ, ತಿರುಗಿ ಬರ್ತದೆ." ನಾನು ಒಳಗೆ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಯುತ್ತಿದ್ದೆ, ಅಷ್ಟೆ.

ಏಳನೆಯ ಅಡಿಯ ದಿನ ಗಟ್ಟಿ ಮನಸ್ಸು ಮಾಡಿ ಗೋಡೆಯ ಹತ್ತಿರ ಹೋದೆ. ಅವರು ಸ್ಟೂಲಿನಲ್ಲಿ ಕೂತು ಚಿಂದಿಯಲ್ಲಿ ಸ್ಟ್ಯಾಂಡಿನ ಕಾಲು ಒರೆಸುತ್ತಿದ್ದರು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ. ಕೈಯ ಮೇಲೆಲ್ಲ ಇರುವೆ ಕಚ್ಚಿದ ಕೆಂಪು ಗುಳ್ಳೆ. ನನ್ನನ್ನು ಕಂಡು ಎದ್ದು ನಿಂತರು. ಮುಖದಲ್ಲಿ ಅಷ್ಟು ಆಸೆ ಇತ್ತು. ನಾನು ಬಾಯಿ ತೆರೆದೆ. ಬಂದದ್ದು ಇದು: "ನಿಮ್ಮ ಬಿಂಬುಳಿಯ ಎಲೆ ನಮ್ಮ ಅಂಗಳಕ್ಕೆ ಬೀಳ್ತದೆ. ಗೆಲ್ಲು ಕಡಿಸಿ."

"ಕಡಿಸ್ತೇನೆ ಜಯ" ಎಂದರು, ಮತ್ತೆ ಸ್ಟೂಲಿನಲ್ಲಿ ಕೂತರು. ಒಳಗೆ ಬಂದು ನನ್ನ ಕೆನ್ನೆಗೆ ನಾನೇ ಎರಡು ಬಿಗಿದುಕೊಳ್ಳಬೇಕು ಎನಿಸಿತು.

ಹತ್ತು ಅಡಿ ಆಯಿತು. ಇನ್ನು ಮೂರು. ಜಗಲಿಯಲ್ಲಿ ಅವರು ಆಗಲೇ ನಾಲ್ಕು ಬಟ್ಟಲು ಸಾಲಾಗಿ ಇಟ್ಟು, ಆಯಿಲಿನ ಕ್ಯಾನು ತಂದಿರಿಸಿದ್ದರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮಳೆ ಸ್ವಲ್ಪ ಬಿಟ್ಟು ಬಿಸಿಲು ಬಂತು. ನಾನು ಒಂದು ಮದುವೆಯ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಆಚೆ ಒಮ್ಮೆಲೇ ದೊಡ್ಡ ಸದ್ದು. ತಲೆ ಎತ್ತಿ ನೋಡಿದರೆ ಪೆಟ್ಟಿಗೆಯ ಬಾಯಿಯಿಂದ ಜೇನು ಹೊರಗೆ ಸುರಿಯುತ್ತಿದೆ, ನಿಲ್ಲುವುದೇ ಇಲ್ಲ. ಹಿತ್ತಿಲು ತುಂಬ ನೊಣ. ಬಾವಿಯ ಮೇಲೆ ಒಂದು ಸುತ್ತು, ಬಿಂಬುಳಿಯ ಮೇಲೆ ಒಂದು ಸುತ್ತು ಹಾಕಿ, ಮಾಡಿನ ಮೇಲಿಂದ ರಸ್ತೆಯ ಕಡೆಗೆ ಹೋದವು. ಆಗ್ನೆಸ್ ಬಾಯಿ ಚಿಂದಿ ಹಿಡಿದುಕೊಂಡು ನಿಂತಿದ್ದರು. ಓಡಲಿಲ್ಲ, ನೀರು ಎರಚಲಿಲ್ಲ. ಕುತ್ತಿಗೆ ಎತ್ತಿ ನೋಡುತ್ತಲೇ ಇದ್ದರು.

ಆಗ ನಾನು ಗೇಟು ದಾಟಿ ಹೋದೆ. ಎಂಥ ಹೊತ್ತಿಗೆ ಹೋದೆ ನೋಡಿ.

ಅವರು ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರು. ಒಳಗಿನ ಮೇಣದ ಎರಿಯ ಮೇಲೆಲ್ಲ ಇರುವೆ, ಬಿಳಿ ಮರಿಗಳನ್ನು ಎಳೆದುಕೊಂಡು ಹೋಗುತ್ತಿತ್ತು. ಹಾರಲಾಗದ ಒಂದಷ್ಟು ನೊಣ ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು.

"ಬಾಯಿ, ನನಗೆ ಜ್ವರ ನಿಮ್ಮ ಬಟ್ಟಲಿನಿಂದ ಬಂದಿರಲಿಕ್ಕಿಲ್ಲ" ಎಂದೆ. ಇಷ್ಟು ಹೇಳುವಾಗಲೇ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ. ಟೆರೇಸಿನ ನೀಲಿ ಡ್ರಮ್ಮು, ಪ್ರಣೀತಾಳಿಗೆ ಏನೂ ಇಲ್ಲ ಎಂದದ್ದು, ಐದನೆಯ ದಿನ ಕಂಡದ್ದು, ತಿಕ್ಕಿ ಬೋರಲು ಹಾಕಿದ್ದು, ಆಮೇಲೆ ಇಷ್ಟು ದಿನ ಬಾಯಿ ಮುಚ್ಚಿ ಕೂತದ್ದು. ನಾನು ಜೀವಮಾನದಲ್ಲಿ ಅಷ್ಟು ಸಣ್ಣ ಸ್ವರದಲ್ಲಿ ಮಾತಾಡಿದವಳಲ್ಲ.

ಅವರು ಪೂರ್ತಿ ಕೇಳಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನನ್ನ ಬಟ್ಟಲಲ್ಲಿಯೂ ಇತ್ತಲ್ಲ ಜಯ" ಎಂದರು ಕಡೆಗೆ. "ನಿನ್ನದರಲ್ಲಿ ಇತ್ತು ಅಂತ ನನ್ನದು ಇಲ್ಲದ್ದು ಆಗ್ತದಾ? ಆ ನೋಟೀಸು ನನಗೆ ಸರಿಯಾಗಿಯೇ ಬಂದದ್ದು."

"ಆದರೂ ನಾನು ಮೊದಲೇ ಹೇಳಿದ್ದರೆ..."

"ಡ್ರಮ್ಮಿನದ್ದು ನೀನು ಹೇಳದಿದ್ದರೂ ಅಡ್ಡಿ ಇರಲಿಲ್ಲ." ಅವರು ಇರುವೆ ತುಂಬಿದ ಎರಿಯನ್ನು ಹಿಡಿದುಕೊಂಡಿದ್ದರು, ಅವು ಮೊಣಕೈಯವರೆಗೆ ಹತ್ತುತ್ತಿದ್ದವು, ಕೊಡವಿಕೊಳ್ಳಲೂ ಇಲ್ಲ. ಆಗ ಮೊದಲ ಸಲ ಅವರ ಸ್ವರ ಒಡೆಯಿತು. "ಪೆಟ್ಟಿಗೆಯ ಆ ಬದಿಗೆ ಒಂದು ಕೈ ಬೇಕಿತ್ತು, ಅಷ್ಟೇ. ನಿನಗೆ ಸಿಟ್ಟು ಅಂತ ನಾನು ಕರೆಯಲಿಲ್ಲ. ಸಿಟ್ಟಿನಲ್ಲೇ ಬಂದು ಹಿಡಿಯಬಹುದಿತ್ತಲ್ಲ, ಜಯ. ಮಾತಾಡಲೇಬೇಕು ಅಂತ ಇರಲಿಲ್ಲ."